ಅಜ್ಜಿ ಮನೆಯ ಬಾವಿಕಟ್ಟೆ ಹತ್ತಿರದ ದೊಡ್ಡ ಚಿಪ್ಪು: ಇದು ಎಂತ ಮರುವಾಯಿ (ಚಿಪ್ಪುಮೀನು)?

ಬೋಳಾರದವಳು

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬೋಳಾರದಲ್ಲಿ ನಮ್ಮ ಅಜ್ಜಿಯ ಹಂಚಿನ ಮನೆ ಉಂಟು. ಬರುವ ತಿಂಗಳು ಅದನ್ನು ಕೆಡವುತ್ತಾರೆ. ಸಾಮಾನು ಸಾಗಿಸುವಾಗ ಬಾವಿಕಟ್ಟೆ ಪಕ್ಕದ ಚಿಪ್ಪು ಕಣ್ಣಿಗೆ ಬಿತ್ತು. ನಾವು ಸಣ್ಣವರಿದ್ದಾಗ ಅದರಲ್ಲಿ ಕೋಳಿಗಳಿಗೆ ನೀರು ಇಡುತ್ತಿದ್ದೆವು. ಅದು ಎಲ್ಲಿಯದು, ಯಾವುದರದ್ದು ಅಂತ ಯಾರೂ ಕೇಳಿದ್ದಿಲ್ಲ.

ಇವತ್ತು ಪಾಚಿ ತಿಕ್ಕಿ ತೊಳೆದು ಅಳೆದೆ. ಈ ತುದಿಯಿಂದ ಆ ತುದಿಗೆ 36 ಸೆಂ.ಮೀ. ತಕ್ಕಡಿಯಲ್ಲಿ ಇಟ್ಟರೆ ನಾಲ್ಕೂವರೆ ಕಿಲೋ. ಅದೂ ಒಂದೇ ಬದಿಯ ಚಿಪ್ಪು! ಹೊರಗೆ ಐದು ದಪ್ಪ ಏಣುಗಳು. ಏಣಿನ ಮೇಲೆ ಮಾಡಿಗೆ ಹಂಚು ಹೊದಿಸಿದ ಹಾಗೆ ಸಾಲು ಸಾಲು ಎಸಳುಗಳು, ಹೆಚ್ಚಿನವು ಮುರಿದಿವೆ. ಒಳಗೆ ಪಿಂಗಾಣಿ ಬಸಿಯ ಹಾಗೆ ನುಣುಪು. ಅಂಚು ಅಲೆ ಅಲೆ.

"ಮಂಜಿಯವರು ಕೊಟ್ಟದ್ದು" ಅಂತ ಅಜ್ಜಿ ಹೇಳುತ್ತಿದ್ದದ್ದು ಮಾತ್ರ ನೆನಪುಂಟು. ಅಜ್ಜ ಬಂದರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಈಗ ಚಿಕ್ಕಪ್ಪನ ಮಗ ಇದನ್ನು ಆನ್‌ಲೈನಿನಲ್ಲಿ ಮಾರುವ ಅನ್ನುತ್ತಿದ್ದಾನೆ. ಹಳೆ ಸಾಮಾನಿನವರೊಬ್ಬರು ಆಗಲೇ ಬಂದು ನೋಡಿ ಹೋಗಿದ್ದಾರೆ. ಮಾರುವುದು ಬಿಡುವುದು ಆಮೇಲೆ, ನನಗೆ ಮೊದಲು ಇದು ಎಂತದು ಅಂತ ತಿಳಿಯಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ದಕ್ಕೆ ಬದಿಯವ

ಅಕ್ಕ, ನಾನು ಹುಟ್ಟಿದ್ದೇ ದಕ್ಕೆ ಹತ್ತಿರ. ಮೂರು ತಲೆಮಾರಿನಿಂದ ನಮ್ಮದು ಬೋಟಿನ ಕೆಲಸ. ಇಷ್ಟು ದೊಡ್ಡ ಮರುವಾಯಿ ನಮ್ಮ ಕಡಲಿನಲ್ಲಿ ಬಲೆಗೆ ಬಂದದ್ದನ್ನು ನಾನು ನೋಡಿಲ್ಲ, ಅಪ್ಪನೂ ನೋಡಿಲ್ಲ. ಇದು ಇಲ್ಲಿಯದ್ದಲ್ಲ. ಮಂಜಿಯವರು ಅಂದರೆ ಮಂಜಿಯಲ್ಲಿ, ಸಾಮಾನು ಸಾಗಿಸುವ ದೊಡ್ಡ ದೋಣಿಯಲ್ಲಿ, ಲಕ್ಷದ್ವೀಪಕ್ಕೆ ಹೋಗಿ ಬರುವವರು. ಅಲ್ಲಿಂದ ಬಂದಿರಬೇಕು.

ಎಕ್ಕೂರಿನ ಹಳೆ ವಿದ್ಯಾರ್ಥಿ

ದಕ್ಕೆಯವರು ಹೇಳಿದ್ದು ಸರಿ. ಇದು ಜಯಂಟ್ ಕ್ಲಾಮ್. ಟ್ರೈಡಾಕ್ನಾ ಅಂತ ಕುಲದ ಹೆಸರು. ನಾನು ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಚಿಪ್ಪು ಪ್ರಾಣಿಗಳ ಮೇಲೆ ಆಗಿನಿಂದಲೂ ನನಗೆ ಪ್ರೀತಿ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಲಕ್ಷದ್ವೀಪದಲ್ಲಿ ಇದರ ಎರಡು ಜಾತಿ ಸಿಗುತ್ತವೆ. ಒಂದು ಟ್ರೈಡಾಕ್ನಾ ಮ್ಯಾಕ್ಸಿಮಾ, ಇನ್ನೊಂದು ಟ್ರೈಡಾಕ್ನಾ ಸ್ಕ್ವಾಮೋಸಾ. ಮ್ಯಾಕ್ಸಿಮಾ ಒಂದು ಬದಿಗೆ ಎಳೆದ ಹಾಗೆ ಉದ್ದಕ್ಕೆ ಇರುತ್ತದೆ. ಎಸಳುಗಳು ಗಿಡ್ಡ, ಒತ್ತೊತ್ತು. ಸ್ಕ್ವಾಮೋಸಾ ಬೀಸಣಿಗೆಯ ಹಾಗೆ ಎರಡೂ ಬದಿಗೆ ಸಮ, ಎಸಳುಗಳು ದೊಡ್ಡವು, ದೂರ ದೂರ. ನೀವು ಹೇಳಿದ ಹಂಚಿನ ಲೆಕ್ಕ ನೋಡಿದರೆ ನಿಮ್ಮದು ಸ್ಕ್ವಾಮೋಸಾ. ಈ ಜಾತಿ 40 ಸೆಂ.ಮೀ. ಆಸುಪಾಸಿಗೆ ಬೆಳೆಯುತ್ತದೆ. ಅಂದರೆ ನಿಮ್ಮ ಅಜ್ಜಿ ಮನೆಯದ್ದು ತುಂಬಾ ದೊಡ್ಡ ಪ್ರಾಣಿಯ ಚಿಪ್ಪು, ಚೆನ್ನಾಗಿ ಬಾಳಿದ್ದು.

ಎಲ್ಲಕ್ಕಿಂತ ದೊಡ್ಡದು ಟ್ರೈಡಾಕ್ನಾ ಗೈಗಸ್. ಅದು ಫಿಲಿಪ್ಪೀನ್ಸ್, ಪಲಾವ್, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಕಡೆಯದ್ದು. 1.2 ಮೀಟರ್ ದಾಟುತ್ತದೆ, ತೂಕ 200 ಕಿಲೋ ದಾಟುತ್ತದೆ. ಎರಡು ಚಿಪ್ಪಿನ ಪ್ರಾಣಿಗಳಲ್ಲಿ ಈಗ ಬದುಕಿರುವ ಅತಿ ದೊಡ್ಡದು ಅದೇ. ನೂರು ವರ್ಷಕ್ಕಿಂತ ಜಾಸ್ತಿ ಬಾಳಬಲ್ಲದು.

ಹೆಸರಿನ ಕಥೆಯೂ ಚೆಂದ ಉಂಟು. ಟ್ರೈಡಾಕ್ನಾ ಅಂದರೆ ಗ್ರೀಕ್ ಭಾಷೆಯಲ್ಲಿ ಮೂರು ತುತ್ತು. ಅಲೆಕ್ಸಾಂಡರನ ಜೊತೆ ಬಂದವರು ಭಾರತದ ಕಡಲಿನಲ್ಲಿ ಒಂದಡಿ ಉದ್ದದ ಕಲ್ವ (ಸಿಂಪಿ) ನೋಡಿದರಂತೆ. ಒಂದೇ ಬಾಯಿಗೆ ಹಿಡಿಯದೆ ಮೂರು ತುತ್ತು ಮಾಡಬೇಕು ಅಂತ ಈ ಹೆಸರು ಬಂತು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ.

ಮಲ್ಪೆ ಗಾಳಿ

ಒಂದು ಸಂಶಯ ಸರ್. ಅತಿ ದೊಡ್ಡ ಮೃದ್ವಂಗಿ ಅಂದರೆ ಬೊಂಡಾಸ್ (ಸ್ಕ್ವಿಡ್) ಜಾತಿಯದ್ದು ಅಂತ ಕೇಳಿದ್ದೆ. ಮಲ್ಪೆಯಲ್ಲಿ ದಿನಾ ಬುಟ್ಟಿಗಟ್ಟಲೆ ಬೊಂಡಾಸ್ ನೋಡುವವರು ನಾವು.

ಎಕ್ಕೂರಿನ ಹಳೆ ವಿದ್ಯಾರ್ಥಿ

ಹೌದು, ಮೃದ್ವಂಗಿಗಳ ಇಡೀ ಬಳಗ ತೆಗೆದುಕೊಂಡರೆ ಬೊಂಡಾಸಿನ ಸಂಬಂಧಿಗಳೇ ದೊಡ್ಡವು. 2007ರಲ್ಲಿ ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಸಿಕ್ಕಿದ ಕೊಲಾಸಲ್ ಸ್ಕ್ವಿಡ್ 495 ಕಿಲೋ ತೂಗಿತ್ತು. ಆದರೆ ಚಿಪ್ಪು ಕಟ್ಟಿಕೊಂಡು ಕೂತಲ್ಲೇ ಬೆಳೆಯುವವರಲ್ಲಿ ಟ್ರೈಡಾಕ್ನಾವೇ ರಾಜ.

ಮರುವಾಯಿ ಪುಂಡಿ

ನಾನು ಉಳ್ಳಾಲದವಳು. ವಿಜ್ಞಾನ ಗೊತ್ತಿಲ್ಲ, ಮರುವಾಯಿ ಗೊತ್ತುಂಟು. ಮದುವೆಯಾಗಿ ಬಂದಾಗಿನಿಂದ ಮೆಟ್ಟುಕತ್ತಿ ಮುಂದೆ ಕೂತು ಎಷ್ಟು ಸಾವಿರ ಮರುವಾಯಿ ಬಿಡಿಸಿದ್ದೇನೋ ಲೆಕ್ಕ ಇಲ್ಲ. ನೀರಿನಲ್ಲಿ ಹಾಕಿಟ್ಟರೆ ಕೆಸರು ಉಗುಳುತ್ತವೆ. ಆಮೇಲೆ ಕತ್ತಿಯ ಅಲಗನ್ನು ಎರಡು ಚಿಪ್ಪಿನ ನಡುವೆ ತೂರಿಸಬೇಕು. ಎರಡು ಕಡೆ ಗಟ್ಟಿ ಹಿಡಿದುಕೊಂಡಿರುತ್ತದೆ, ಒಂದು ಈ ಕೊನೆಗೆ, ಒಂದು ಆ ಕೊನೆಗೆ. ಎರಡೂ ಕಡಿದರೆ ತಾನೇ ಬಿಚ್ಚುತ್ತದೆ. ಖಾಲಿ ಚಿಪ್ಪಿನ ಒಳಗೆ ಆ ಎರಡು ಕಡೆಯ ಗುರುತು ಉಳಿದಿರುತ್ತದೆ.

ಬೋಳಾರದವರೇ, ನಿಮ್ಮ ಚಿಪ್ಪಿನ ಒಳಗೆ ಅಂಥ ಗುರುತು ಎಷ್ಟು ಉಂಟು, ಕೈಯಾಡಿಸಿ ನೋಡುತ್ತೀರಾ?

ಬೋಳಾರದವಳು

ನೋಡಿದೆ. ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಕಂಡಿತು. ಒಂದೇ ಉಂಟು. ಕೊನೆಯಲ್ಲಿ ಅಲ್ಲ, ಹೆಚ್ಚುಕಡಿಮೆ ನಡುವಿನಲ್ಲಿ. ನನ್ನ ಅಂಗೈಯ ಅರ್ಧದಷ್ಟು ಅಗಲ. ಬೆರಳಾಡಿಸಿದರೆ ಅಲ್ಲಿ ಮಾತ್ರ ನುಣುಪು ಬೇರೆ ಥರ ಇದೆ.

ಎಕ್ಕೂರಿನ ಹಳೆ ವಿದ್ಯಾರ್ಥಿ

ಉಳ್ಳಾಲದ ಅಕ್ಕನಿಗೆ ನನ್ನ ನಮಸ್ಕಾರ. ಇಡೀ ಪ್ರಾಣಿಯ ಕಥೆ ಶುರುವಾಗುವುದೇ ಆ ಪ್ರಶ್ನೆಯಿಂದ.

ಮರುವಾಯಿಗೆ ಚಿಪ್ಪು ಮುಚ್ಚುವ ಸ್ನಾಯು ಎರಡು. ಜಯಂಟ್ ಕ್ಲಾಮಿಗೆ ಒಂದೇ. ಮುಂದಿನದು ಹೋಗಿ ಹಿಂದಿನದು ದೊಡ್ಡದಾಗಿ ನಡುವಿಗೆ ಬಂದಿದೆ. ಯಾಕೆ ಅಂದರೆ ಇದು ಬದುಕುವ ರೀತಿಯೇ ಬೇರೆ. ಮರುವಾಯಿ ಕೆಸರಿನಲ್ಲಿ ಹೂತುಕೊಂಡು, ನಳಿಗೆಯಷ್ಟೇ ಮೇಲೆ ಚಾಚಿ, ನೀರು ಎಳೆದು ಸೋಸಿ ತಿನ್ನುತ್ತದೆ. ಚಿಪ್ಪಿನ ಕೀಲು ಮೇಲಿನ ಬದಿಗೆ, ಬಾಯಿ ಕೆಳಗೆ. ಜಯಂಟ್ ಕ್ಲಾಮಿನದು ತದ್ವಿರುದ್ಧ. ಕೀಲು ಕೆಳಗೆ, ಬಾಯಿ ಆಕಾಶಕ್ಕೆ. ತೆರೆದ ಬಾಯಿಯ ತುಂಬ ಮೆತ್ತನೆಯ ಹೊದಿಕೆ ಹರಡಿಕೊಂಡಿರುತ್ತದೆ. ಇದಕ್ಕೆ ಮ್ಯಾಂಟಲ್ ಅನ್ನುತ್ತಾರೆ. ಚಿಪ್ಪಿನ ಅಂಚನ್ನೂ ದಾಟಿ ಹೊರಗೆ ಚೆಲ್ಲಿರುತ್ತದೆ. ನೀಲಿ, ಹಸಿರು, ನೇರಳೆ, ಕಂದು, ಒಂದರ ಹಾಗೆ ಇನ್ನೊಂದಿಲ್ಲ.

ಹೀಗೆ ಬಿಸಿಲಿಗೆ ಮೈ ಒಡ್ಡುವುದು ಯಾಕೆ? ಆ ಹೊದಿಕೆಯೊಳಗೆ ಅದು ಬೇಸಾಯ ಮಾಡುತ್ತದೆ. ನಿಜವಾಗಿ ಬೇಸಾಯ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಕೋಟಿಗಟ್ಟಲೆ ಅದರೊಳಗೆ ಇರುತ್ತವೆ. ಹವಳದೊಳಗೆ ಇರುವ ಪಾಚಿಗಳ ಬಳಗವೇ ಇದು. ಪಾಚಿ ಬಿಸಿಲು ಕುಡಿದು ಸಕ್ಕರೆ ಮಾಡುತ್ತದೆ, ಅದರ ದೊಡ್ಡ ಪಾಲನ್ನು ಕ್ಲಾಮಿಗೆ ಕೊಡುತ್ತದೆ. ಕ್ಲಾಮ್ ಅದಕ್ಕೆ ಜಾಗ ಕೊಡುತ್ತದೆ, ತನ್ನ ಮೈಯಿಂದ ಹೊರಹೋಗುವ ಕಾರ್ಬನ್ ಡೈಆಕ್ಸೈಡನ್ನೂ ಸಾರಜನಕದ ತ್ಯಾಜ್ಯವನ್ನೂ ಗೊಬ್ಬರವಾಗಿ ಕೊಡುತ್ತದೆ. ಹೊಟ್ಟೆಯಿಂದ ಸಣ್ಣ ಸಣ್ಣ ಕೊಳವೆಗಳು ಕವಲೊಡೆದು ಹೊದಿಕೆಯೊಳಗೆ ಹೋಗುತ್ತವೆ. ಪಾಚಿಗಳ ವಾಸ ಆ ಕೊಳವೆಗಳ ಒಳಗೆ. ಹವಳದ ಹಾಗೆ ಜೀವಕೋಶದ ಒಳಗೆ ಅಲ್ಲ. ಇದು ಕ್ಲಾಮಿನದೇ ವಿಶೇಷ.

ಇಷ್ಟಾದರೂ ಸೋಸಿ ತಿನ್ನುವುದನ್ನು ಅದು ಬಿಟ್ಟಿಲ್ಲ. ಅದೂ ನಡೆಯುತ್ತದೆ. ತೋಟ ಇದ್ದವರು ಪೇಟೆಯಿಂದಲೂ ಸ್ವಲ್ಪ ತರಕಾರಿ ತರುತ್ತಾರಲ್ಲ, ಹಾಗೆ.

ಕಾಪು ಲೈಟ್‌ಹೌಸ್

ಸರ್, ಅಷ್ಟು ದಪ್ಪದ ಮಾಂಸದೊಳಗೆ ಕೆಳಗಿನ ಪಾಚಿಗೆ ಬಿಸಿಲು ಹೇಗೆ ಸಿಗುತ್ತದೆ? ಮೇಲಿನವು ನೆರಳು ಮಾಡುವುದಿಲ್ಲವಾ? ನಮ್ಮದು ಅಡಿಕೆ ತೋಟ. ನೆರಳಿನ ಕಷ್ಟ ನಮಗೆ ಗೊತ್ತು.

ಎಕ್ಕೂರಿನ ಹಳೆ ವಿದ್ಯಾರ್ಥಿ

ನಿಮ್ಮ ತೋಟದಲ್ಲೇ ಇದಕ್ಕೆ ಉತ್ತರ ಉಂಟು. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೀರಲ್ಲ? ಬಳ್ಳಿಗೆ ನೆತ್ತಿಯ ಬಿಸಿಲು ಬೇಕಾಗಿಲ್ಲ. ಮರಗಳ ನಡುವೆ ಚದುರಿ ಬರುವ ಬೆಳಕು ಬುಡದಿಂದ ತುದಿಯವರೆಗೆ ಬದಿಯಿಂದ ತಾಗಿದರೆ ಸಾಕು.

ಕ್ಲಾಮ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಪಾಚಿಗಳು ಕಂಬ ಕಂಬವಾಗಿ ಒಂದರ ಮೇಲೊಂದು ನಿಂತಿರುತ್ತವೆ. ಅವುಗಳ ಮೇಲೆ ಹೊಳೆಯುವ ಜೀವಕೋಶಗಳ ಒಂದು ಪದರ. ನಮಗೆ ಕಾಣುವ ನೀಲಿ ಹಸಿರು ಮಿಂಚು ಆ ಪದರದ್ದು. ಅದು ಬರೀ ಚೆಂದಕ್ಕೆ ಇರುವುದಲ್ಲ. ಪಾಚಿಗೆ ಉಪಯೋಗಕ್ಕೆ ಬಾರದ ಬಣ್ಣದ ಬೆಳಕನ್ನು ವಾಪಸು ಕಳಿಸುತ್ತದೆ, ಉಪಯೋಗದ ಬೆಳಕನ್ನು ಒಳಕ್ಕೆ ಚದುರಿಸುತ್ತದೆ. ಆ ಬೆಳಕು ಕಂಬಗಳ ಬದಿಗೆ ಉದ್ದಕ್ಕೂ ಹಂಚಿಹೋಗುತ್ತದೆ. ಮೇಲಿನ ಪಾಚಿ ಸುಡುವುದಿಲ್ಲ, ಕೆಳಗಿನದು ಹಸಿಯುವುದಿಲ್ಲ. 2014ರಲ್ಲಿ ವಿಜ್ಞಾನಿಗಳು ಇದನ್ನು ವಿವರವಾಗಿ ತೋರಿಸಿಕೊಟ್ಟರು. ಈ ಜೋಡಣೆ ನೋಡಿ ಸೋಲಾರ್ ಫಲಕ ಮಾಡುವವರೂ ಪಾಠ ಕಲಿಯುತ್ತಿದ್ದಾರೆ.

ಹಗಲು ಹೊದಿಕೆ ಹರಡಿಕೊಂಡು ಕೂರುತ್ತದೆ, ರಾತ್ರಿ ಒಳಗೆ ಎಳೆದುಕೊಳ್ಳುತ್ತದೆ.

ಕಾಪು ಲೈಟ್‌ಹೌಸ್

ಈ ವಿವರಣೆಗೆ ತುಂಬಾ ಧನ್ಯವಾದ. ನಾಳೆ ತೋಟಕ್ಕೆ ಹೋದಾಗ ಬಳ್ಳಿಯನ್ನು ಬೇರೆಯೇ ಕಣ್ಣಿನಲ್ಲಿ ನೋಡುತ್ತೇನೆ.

ದಕ್ಕೆ ಬದಿಯವ

ನಮ್ಮಲ್ಲಿ ಇದು ಯಾಕೆ ಇಲ್ಲ ಅಂತ ಈಗ ಅರ್ಥವಾಯಿತು. ಮಳೆಗಾಲದಲ್ಲಿ ಅಳಿವೆಬಾಗಿಲಿಗೆ ಹೋಗಿ ನೋಡಿ. ನೇತ್ರಾವತಿ ಒಂದು ಕಡೆಯಿಂದ, ಫಲ್ಗುಣಿ ಇನ್ನೊಂದು ಕಡೆಯಿಂದ ಕೆಂಪು ನೀರು ತಂದು ಸುರಿಯುತ್ತವೆ. ಕಡಲು ಎಷ್ಟೋ ದೂರ ಚಹಾದ ಬಣ್ಣ. ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಬಿಸಿಲು ತಿನ್ನುವ ಪ್ರಾಣಿ ಅಲ್ಲಿ ಎಂತ ಮಾಡುವುದು? ಮರುವಾಯಿಗೆ ಮಾತ್ರ ಆ ಕೆಸರೇ ಹಬ್ಬ.

ಎಕ್ಕೂರಿನ ಹಳೆ ವಿದ್ಯಾರ್ಥಿ

ಸರಿಯಾಗಿ ಹೇಳಿದಿರಿ ಅಣ್ಣ. ಇದಕ್ಕೆ ತಿಳಿ ನೀರು, ಹವಳದ ನೆಲ, ಬಿಸಿಲು ಮುಟ್ಟುವ ಆಳ ಬೇಕು. ಲಕ್ಷದ್ವೀಪದಲ್ಲಿ ನದಿಯೇ ಇಲ್ಲ, ಕೆಸರು ತರುವವರೂ ಇಲ್ಲ.

ಬಂದರು ಹಳಬ

ನನಗೆ ಎಪ್ಪತ್ತೆಂಟು ವರ್ಷ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಚಿಪ್ಪು ಬೋಳಾರಕ್ಕೆ ಬಂದ ದಾರಿಯ ಬಗ್ಗೆ ಎರಡು ಮಾತು ಹೇಳಬೇಕು ಅನಿಸಿತು.

ಈಗಿನವರಿಗೆ ಲಕ್ಷದ್ವೀಪ ಅಂದರೆ ಕೇರಳದ ಕಡೆಯದ್ದು ಅಂತ ಅಭಿಪ್ರಾಯ. ಆದರೆ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಮಿನ್‌ದಿವಿ ದ್ವೀಪಗಳು ಅಂತ ಹೆಸರು. ಆಡಳಿತ ಮಂಗಳೂರಿನ ಕಲೆಕ್ಟರರದ್ದು. ಅದಕ್ಕೂ ಹಿಂದೆ, 1787ರಲ್ಲಿ, ಅಲ್ಲಿಯವರು ಕಣ್ಣೂರಿನ ಆಳ್ವಿಕೆ ಬೇಡ ಅಂತ ಟಿಪ್ಪು ಸುಲ್ತಾನನ ಹತ್ತಿರ ಹೋಗಿ ಕೇಳಿಕೊಂಡಿದ್ದರು. ಹಾಗೆ ಅವು ಈ ಕಡೆಗೆ ಬಂದವು. 1956ರ ನವೆಂಬರ್ 1ಕ್ಕೆ ಬೇರೆ ಕೇಂದ್ರಾಡಳಿತ ಪ್ರದೇಶವಾಯಿತು.

ಅವರ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಹಾಯಿ ಕಟ್ಟಿದ ಓಡಗಳಲ್ಲಿ ಬರುತ್ತಿದ್ದರು. ಗಾಳಿ ತಿರುಗುವವರೆಗೆ ಬಂದರಿನಲ್ಲೇ ಉಳಿಯುತ್ತಿದ್ದರು. ನಾನು ಹುಡುಗನಾಗಿದ್ದಾಗ ಹುರಿಯ ಕಟ್ಟುಗಳ ಮೇಲೆ ಹತ್ತಿ ಆಡಿದ್ದೇನೆ. ಆ ನಾರಿನ ವಾಸನೆ ಈಗಲೂ ಮೂಗಿನಲ್ಲಿದೆ. ಆಮೇಲೆ ಮಂಜಿಗಳು ಬಂದವು. ಈಗಲೂ ಹಳೆ ಬಂದರಿನಿಂದ ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ಹೋಗುತ್ತದೆ.

ಗೋದಾಮಿನಲ್ಲಿ ಲೆಕ್ಕ ಬರೆಯುವವರು ಅವರಿಗೆ ಬೇಕಾದವರು. ತೂಕದಲ್ಲಿ ಮೋಸ ಆಗದ ಹಾಗೆ ನೋಡಿಕೊಳ್ಳುವವರು. ಮಗಳೇ, ನಿನ್ನ ಅಜ್ಜನಿಗೆ ಅವರು ಪ್ರೀತಿಯಿಂದ ಕೊಟ್ಟಿರಬೇಕು. ಆಗ ಕಾನೂನು ಗೀನೂನು ಇರಲಿಲ್ಲ.

ಬೋಳಾರದವಳು

ಅಜ್ಜಾ, ಇದನ್ನು ಓದಿ ಅಮ್ಮನಿಗೆ ಫೋನ್ ಮಾಡಿದೆ. ಮನೆಗೆ ಹುರಿಯ ಕಟ್ಟು ಬರುತ್ತಿದ್ದದ್ದು ಅವರಿಗೂ ನೆನಪುಂಟು. ಬಾವಿಯ ಹಗ್ಗ ಅದರಲ್ಲೇ ಹೊಸೆಯುತ್ತಿದ್ದರಂತೆ. ನಿಮಗೆ, ಟೈಪ್ ಮಾಡಿದ ಮೊಮ್ಮಗಳಿಗೆ, ತುಂಬಾ ತುಂಬಾ ಧನ್ಯವಾದ.

ಮಲ್ಪೆ ಗಾಳಿ

ಸಿನಿಮಾಗಳಲ್ಲಿ ಇದು ಮುಳುಗುವವರ ಕಾಲು ಕಚ್ಚಿ ಹಿಡಿದು ಸಾಯಿಸುವುದನ್ನು ತೋರಿಸುತ್ತಾರಲ್ಲ, ಅದು ನಿಜವಾ? ಮತ್ತೆ ಮುತ್ತು ಇರುತ್ತದಾ?

ಎಕ್ಕೂರಿನ ಹಳೆ ವಿದ್ಯಾರ್ಥಿ

ಸಾಯಿಸುವುದು ಸುಳ್ಳು. ಹಾಗೆ ಒಬ್ಬರು ಸತ್ತದ್ದಕ್ಕೂ ನಂಬುವಂಥ ದಾಖಲೆ ಇಲ್ಲ. ದೊಡ್ಡ ಗೈಗಸಿಗೆ ಚಿಪ್ಪು ಪೂರ್ತಿ ಮುಚ್ಚಲಿಕ್ಕೂ ಬರುವುದಿಲ್ಲ. ಮುಚ್ಚುವುದೂ ನಿಧಾನ. ಅದು ಹೆದರಿ ಮುದುಡುವ ಪ್ರಾಣಿ, ಹಿಡಿಯುವ ಪ್ರಾಣಿ ಅಲ್ಲ.

ಮುತ್ತು ಅಪರೂಪಕ್ಕೆ ಆಗುತ್ತದೆ. 1934ರಲ್ಲಿ ಫಿಲಿಪ್ಪೀನ್ಸಿನ ಪಲಾವನ್ ಹತ್ತಿರ 6.4 ಕಿಲೋ ತೂಕದ್ದೊಂದು ಸಿಕ್ಕಿತ್ತು. ಆದರೆ ಆಭರಣದ ಮುತ್ತಿನ ಹೊಳಪು ಅದಕ್ಕಿಲ್ಲ. ಬಿಳಿ ಪಿಂಗಾಣಿ ಉಂಡೆಯ ಹಾಗೆ.

ನನಗೆ ಇವೆರಡಕ್ಕಿಂತ ದೊಡ್ಡ ಆಶ್ಚರ್ಯ ಅದರ ಕಣ್ಣು. ಹೊದಿಕೆಯ ಅಂಚಿನ ಉದ್ದಕ್ಕೂ ಸೂಜಿತೂತಿನಂಥ ಕಣ್ಣುಗಳು, ನೂರಾರು. ಮಸೂರ ಇಲ್ಲ. ನಮ್ಮ ಹಾಗೆ ಮುಖ ಮೋರೆ ಕಾಣುವುದಿಲ್ಲ. ಬೆಳಕು ಕಡಿಮೆಯಾದದ್ದು, ನೆರಳು ಸರಿದದ್ದು ಗೊತ್ತಾಗುತ್ತದೆ. ಮೀನು ಮೇಲೆ ಹಾದುಹೋದರೆ ಸಾಕು, ಹೊದಿಕೆ ಒಳಗೆ ಎಳೆದುಕೊಳ್ಳುತ್ತದೆ.

ಮರುವಾಯಿ ಪುಂಡಿ

ಇದು ಮರಿ ಹೇಗೆ ಮಾಡುತ್ತದೆ? ಕೂತಲ್ಲೇ ಕೂರುವ ಪ್ರಾಣಿಗೆ ಜೋಡಿ ಎಲ್ಲಿ ಸಿಗಬೇಕು?

ಎಕ್ಕೂರಿನ ಹಳೆ ವಿದ್ಯಾರ್ಥಿ

ಈ ಭಾಗವನ್ನು ಬರೆಯುವಾಗ ನನಗೆ ಯಾವಾಗಲೂ ಸಂಕಟವಾಗುತ್ತದೆ. ಯಾಕೆ ಅಂತ ಓದಿ ನೋಡಿ.

ಮೊದಲು ಎಲ್ಲವೂ ಗಂಡು. ದೊಡ್ಡದಾದ ಮೇಲೆ ಒಂದೇ ಮೈಯಲ್ಲಿ ಗಂಡೂ ಹೌದು ಹೆಣ್ಣೂ ಹೌದು. ಸಮಯ ಬಂದಾಗ ಮೊದಲು ವೀರ್ಯವನ್ನು ನೀರಿಗೆ ಬಿಡುತ್ತದೆ, ಆಮೇಲೆ ಮೊಟ್ಟೆ. ತನ್ನ ಮೊಟ್ಟೆಗೆ ತನ್ನದೇ ವೀರ್ಯ ಸೇರದಿರಲಿ ಅಂತ ಈ ವ್ಯವಸ್ಥೆ. ಒಂದು ಬಿಟ್ಟದ್ದು ಪಕ್ಕದವಕ್ಕೆ ನೀರಿನಲ್ಲಿ ಬಂದ ವಾಸನೆಯಿಂದ ಗೊತ್ತಾಗುತ್ತದೆ, ಅವೂ ಬಿಡುತ್ತವೆ. ದೊಡ್ಡ ಗೈಗಸ್ ಒಂದು ಸಲಕ್ಕೆ 50 ಕೋಟಿಯಷ್ಟು ಮೊಟ್ಟೆ ಬಿಡಬಲ್ಲದು. ಒಂದೊಂದು ಮೊಟ್ಟೆ ಮಿಲಿಮೀಟರಿನ ಹತ್ತನೇ ಒಂದು ಭಾಗ.

ಮರಿ ಒಂದು ವಾರದಷ್ಟು ನೀರಿನಲ್ಲಿ ತೇಲಿ ಈಜುತ್ತದೆ. ಎರಡನೇ ದಿನಕ್ಕಾಗಲೇ ಪುಟ್ಟ ಚಿಪ್ಪು. ಆಮೇಲೆ ಒಂದು ಪಾದ ಮೂಡುತ್ತದೆ. ಆ ಪಾದದಲ್ಲಿ ತಡವುತ್ತಾ ತೆವಳುತ್ತಾ ಜಾಗ ಹುಡುಕುತ್ತದೆ. ಜಾಗ ಹಿಡಿಸಿದರೆ ನಾರು ಬಿಟ್ಟು ಕಲ್ಲಿಗೆ ಅಂಟಿಕೊಳ್ಳುತ್ತದೆ. ಪಚ್ಚಿಲೆಯನ್ನು ಕಲ್ಲಿನಿಂದ ಕೀಳುವಾಗ ಗಡ್ಡದ ಹಾಗೆ ಬರುವುದಿಲ್ಲವಾ, ಅಂಥದ್ದೇ ನಾರು. ಗೈಗಸ್ ಬೆಳೆದ ಮೇಲೆ ನಾರು ಬಿಡುತ್ತದೆ. ತನ್ನ ಭಾರಕ್ಕೇ ಕೂತಿರುತ್ತದೆ.

ಇನ್ನೊಂದು ವಿಷಯ. ತಾಯಿಯಿಂದ ಮರಿಗೆ ಪಾಚಿ ಬರುವುದಿಲ್ಲ. ಪ್ರತಿ ಮರಿಯೂ ನೀರಿನಿಂದ ಪಾಚಿಯನ್ನು ನುಂಗಿ, ಅದನ್ನು ಅರಗಿಸದೆ ಉಳಿಸಿಕೊಂಡು, ತನ್ನ ತೋಟವನ್ನು ತಾನೇ ಶುರುಮಾಡಬೇಕು. ಬೀಜ ಹೊರಗಿನಿಂದ ತರಬೇಕು.

ಸಂಕಟ ಎಲ್ಲಿ ಅಂದರೆ, ಅಕ್ಕ, ನೀವು ಕೇಳಿದಿರಲ್ಲ, ಜೋಡಿ ಎಲ್ಲಿ ಅಂತ. ಜೋಡಿ ಪಕ್ಕದಲ್ಲೇ ಇರಬೇಕು. ನೀರಿಗೆ ಬಿಟ್ಟ ವೀರ್ಯ ಬೇಗ ತೆಳುವಾಗಿ ಹೋಗುತ್ತದೆ. ಒಂದು ದಿಬ್ಬದಲ್ಲಿ ಇಪ್ಪತ್ತು ಕ್ಲಾಮ್ ಇದ್ದು ಯಾರೋ ಹದಿನೆಂಟನ್ನು ಕಿತ್ತುಕೊಂಡು ಹೋದರೆ, ಉಳಿದ ಎರಡು ದೂರ ದೂರ ಇದ್ದರೆ, ಅವು ಬದುಕಿದ್ದೂ ಸಂತಾನ ಇಲ್ಲ. ವರ್ಷ ವರ್ಷ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತಲೇ ಇರುತ್ತವೆ. ಒಂದೂ ಕೂಡುವುದಿಲ್ಲ. ನೋಡುವವರಿಗೆ ಮಾತ್ರ ಇನ್ನೂ ಎರಡು ಉಂಟಲ್ಲ ಅಂತ ಕಾಣುತ್ತದೆ.

ಮರುವಾಯಿ ಪುಂಡಿ

ಓದಿ ಸುಮ್ಮನೆ ಕೂತುಬಿಟ್ಟೆ.

ಕಾಪು ಲೈಟ್‌ಹೌಸ್

ಹಾಗಾದರೆ ಈ ಚಿಪ್ಪು ಮಾರಬಹುದಾ? ಬೋಳಾರದವರು ಮೊದಲೇ ಆ ಮಾತು ಎತ್ತಿದ್ದರಲ್ವಾ.

ಎಕ್ಕೂರಿನ ಹಳೆ ವಿದ್ಯಾರ್ಥಿ

ಮಾರಬಾರದು. ಇದನ್ನು ಒತ್ತಿ ಹೇಳುತ್ತೇನೆ. ಮ್ಯಾಕ್ಸಿಮಾ, ಸ್ಕ್ವಾಮೋಸಾ ಎರಡನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಚಿಪ್ಪಿನ ವ್ಯಾಪಾರ ಅಪರಾಧ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡ ಸೈಟೀಸ್ ಒಪ್ಪಂದದ ಪ್ರಕಾರ ದೇಶದಿಂದ ದೇಶಕ್ಕೆ ಸಾಗಿಸಲಿಕ್ಕೂ ಕಟ್ಟುಪಾಡು ಉಂಟು. ನಿಮ್ಮ ತಮ್ಮನಿಗೆ ಆನ್‌ಲೈನಿನಲ್ಲಿ ಹಾಕಿದ್ದರೆ ಇವತ್ತೇ ತೆಗೆಯಲು ಹೇಳಿ. ಹಳೆ ಸಾಮಾನಿನವರಿಗೂ ಕೊಡಬೇಡಿ. ಅಜ್ಜನ ಕಾಲದ್ದು ಅಂತ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಹೇಳಿದ ಹಾಗೆ ಮಾಡಿ.

ಬೇರೆ ಕಡೆ ಏನಾಗಿದೆ ನೋಡಿ. ಆನೆದಂತದ ಬದಲಿಗೆ ಕೆತ್ತನೆಗೆ ಅಂತ ಈ ಚಿಪ್ಪಿಗೆ ಚೀನಾದಲ್ಲಿ ಬೇಡಿಕೆ ಏರಿತು. ಕೆತ್ತನೆಯ ವ್ಯಾಪಾರ ಜೋರಾಗಿದ್ದ ಹೈನಾನ್ ಪ್ರಾಂತ್ಯ 2017ರಿಂದ ಅದನ್ನು ನಿಷೇಧಿಸಿತು. 2021ರ ಏಪ್ರಿಲಿನಲ್ಲಿ ಪಲಾವನಿನ ಒಂದು ಸಣ್ಣ ದ್ವೀಪದಲ್ಲಿ ಫಿಲಿಪ್ಪೀನ್ಸಿನ ಅಧಿಕಾರಿಗಳು ಒಂದೇ ಸಲಕ್ಕೆ ಸುಮಾರು 200 ಟನ್ ಚಿಪ್ಪು ಹಿಡಿದರು. ಮನೆಯ ತಕ್ಕಡಿಯಲ್ಲಿ ನಾಲ್ಕೂವರೆ ಕಿಲೋ ಎತ್ತಿದ್ದೀರಲ್ಲ, ಅದರ ಮೇಲೆ ಲೆಕ್ಕ ಹಾಕಿ. 2024ರಲ್ಲಿ ಗೈಗಸನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಹಾಕಿದರು.

ಒಳ್ಳೆಯದೂ ನಡೆದಿದೆ. ಪಲಾವ್ ದೇಶದಲ್ಲಿ 1970ರ ದಶಕದಿಂದಲೇ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಿದ್ದಾರೆ. ಫಿಲಿಪ್ಪೀನ್ಸಿನ ಬೊಲಿನಾವ್‌ನಲ್ಲಿ ಗೈಗಸ್ ಮರಿಗಳನ್ನು ಸಾಕಿ ಕಡಲಿಗೆ ವಾಪಸು ಇಟ್ಟಿದ್ದಾರೆ.

ಮಲ್ಪೆ ಗಾಳಿ

ಕಡಲು ಬಿಸಿಯಾಗುವುದು ಇದಕ್ಕೂ ತೊಂದರೆ ಅಲ್ವಾ? ಲಕ್ಷದ್ವೀಪದ ಹವಳ ಬಿಳಿಚಿದ್ದನ್ನು ಪೇಪರಿನಲ್ಲಿ ಓದಿದ್ದೆ.

ಉಡುಪಿಯಿಂದ ಕದ್ಮತ್‌ಗೆ

ನಾಲ್ಕು ದಿನದಿಂದ ಸುಮ್ನೆ ಓದುತ್ತಾ ಇದ್ದೆ. ನಾನು ಉಡುಪಿಯವನು. ಕಟ್ಟಡದ ಕೆಲಸದ ಮೇಲೆ ಕದ್ಮತ್‌ನಲ್ಲಿ ಇದ್ದೇನೆ, ಎಂಟು ತಿಂಗಳಾಯಿತು. ಮೇಲೆ ಬಂದರು ಹಳಬರು ಹೇಳಿದ ಐದು ದ್ವೀಪಗಳಲ್ಲಿ ಒಂದು. ನಾವು ಇಲ್ಲಿ ಕಟ್ಟುವ ಸಿಮೆಂಟು ಮಂಗಳೂರಿನ ಮಂಜಿಯಲ್ಲೇ ಬರುತ್ತದೆ.

ಮಲ್ಪೆಯವರ ಪ್ರಶ್ನೆಗೆ: ಹೌದು, ತೊಂದರೆ. 1998, 2010, 2016, ಮತ್ತೆ 2024. ಈ ವರ್ಷಗಳಲ್ಲಿ ಇಲ್ಲಿ ಹವಳ ಬಿಳಿಚಿತ್ತು. ನೀರು ಬಿಸಿಯಾದರೆ ಹವಳದ ಹಾಗೆಯೇ ಕ್ಲಾಮೂ ತನ್ನ ಪಾಚಿಯನ್ನು ಕಳೆದುಕೊಳ್ಳುತ್ತದೆ. ಪಾಚಿ ಹೋದರೆ ಊಟ ಹೋಯಿತು. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ.

ಇಲ್ಲಿಗೆ ಬಂದ ಮೇಲೆ ಮಾಸ್ಕ್ ಹಾಕಿ ಲಗೂನಿನಲ್ಲಿ ಈಜುವುದು ಕಲಿತೆ. ಈ ಚರ್ಚೆ ಓದಿದ ಮೇಲೆ ಇವತ್ತು ಬೆಳಿಗ್ಗೆ ಬೇಕೆಂದೇ ಹುಡುಕಿಕೊಂಡು ಹೋದೆ. ಸೊಂಟ ಮಟ್ಟದ ನೀರು. ದುಂಡನೆಯ ದೊಡ್ಡ ಹವಳದ ಬಂಡೆ. ಅದರೊಳಗೆ ಸೀಳು ಬಿಟ್ಟ ಹಾಗೆ ಒಂದು ಮ್ಯಾಕ್ಸಿಮಾ, ನನ್ನ ಗೇಣಿಗಿಂತ ಸ್ವಲ್ಪ ಸಣ್ಣದು. ಚಿಪ್ಪು ಬಂಡೆಯೊಳಗೇ ಹುದುಗಿದೆ. ಅಲೆಅಲೆಯ ಅಂಚು ಮಾತ್ರ ಹೊರಗೆ. ಹೊದಿಕೆ ನೀಲಿ. ನವಿಲಿನ ಕತ್ತು ಇರುತ್ತದಲ್ಲ, ಆ ನೀಲಿ. ಅದರ ಮೇಲೆ ಕಂದು ಚುಕ್ಕೆ. ಅಂಚಿನ ಉದ್ದಕ್ಕೂ ಕಪ್ಪು ಬೊಟ್ಟುಗಳು. ಎಕ್ಕೂರಿನವರು ಹೇಳಿದ ಕಣ್ಣು ಅವೇ ಇರಬೇಕು ಅಂದುಕೊಂಡೆ.

ಮುಟ್ಟಲಿಲ್ಲ. ಸೂರ್ಯನಿಗೆ ಅಡ್ಡವಾಗಿ ಕೈ ಹಿಡಿದೆ ಅಷ್ಟೇ. ನೆರಳು ಅದರ ಮೇಲೆ ಬಿದ್ದದ್ದೇ ತಡ, ಇಡೀ ಹೊದಿಕೆ ಒಮ್ಮೆಲೇ ಒಳಗೆ. ನೀರು ಚಿಮ್ಮಿ ನನ್ನ ಮಣಿಕಟ್ಟಿಗೆ ತಾಗಿತು. ಚಿಪ್ಪು ಅರ್ಧ ಮುಚ್ಚಿತು. ಕೈ ಹಿಂದಕ್ಕೆ ತೆಗೆದು, ಅಲ್ಲಾಡದೆ ತೇಲುತ್ತಾ ಮನಸ್ಸಿನಲ್ಲಿ ಎಣಿಸಿದೆ. ಮೂವತ್ತೆಂಟಕ್ಕೆ ಅಂಚಿನಲ್ಲಿ ಒಂದು ನೀಲಿ ಎಳೆ ಕಂಡಿತು. ತೊಂಬತ್ತರ ಹೊತ್ತಿಗೆ ಮತ್ತೆ ಪೂರ್ತಿ ಹರಡಿಕೊಂಡಿತ್ತು. ಇನ್ನೊಮ್ಮೆ ನೆರಳು ಮಾಡಲು ಮನಸ್ಸು ಬರಲಿಲ್ಲ.

ದಕ್ಕೆ ಬದಿಯವ

ಕಣ್ಣಿಗೆ ಕಟ್ಟಿದ ಹಾಗೆ ಬರೆದಿದ್ದೀರಿ. ಇಷ್ಟು ವರ್ಷ ಕಡಲಿನಲ್ಲಿದ್ದೂ ನಾನು ಇದನ್ನು ನೋಡಿಲ್ಲವಲ್ಲ ಅಂತ ಆಸೆಯಾಗುತ್ತಿದೆ.

ಬೋಳಾರದವಳು

ಮೊದಲು ಸುದ್ದಿ ಹೇಳುತ್ತೇನೆ. ಮಾರುವುದಿಲ್ಲ. ತಮ್ಮನಿಗೆ ಇಡೀ ಚರ್ಚೆ ಓದಿಸಿದೆ. ಮರುಮಾತಿಲ್ಲದೆ ಒಪ್ಪಿದ. ಹಳೆ ಸಾಮಾನಿನವರಿಗೆ ಅವನೇ ಫೋನ್ ಮಾಡಿ ಬೇಡ ಅಂದ. ಸೋಮವಾರ ಅಮ್ಮನ ಜೊತೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ತಿಳಿಸಿ ಬರುತ್ತೇವೆ.

ನಿನ್ನೆ ಸಂಜೆ ಚಿಪ್ಪನ್ನು ಅಂಗಳದಲ್ಲಿ ಸರಿಯಾದ ರೀತಿಯಲ್ಲಿ ಇಟ್ಟು ನೋಡಿದೆ. ಕೀಲು ಕೆಳಗೆ, ಬಾಯಿ ಮೇಲೆ. ಇಷ್ಟು ವರ್ಷ ಬಟ್ಟಲಿನ ಹಾಗೆ ಮಲಗಿಸಿಯೇ ಇಟ್ಟಿದ್ದೆವು. ನಿಲ್ಲಿಸಿದ ಮೇಲೆ ಅದು ಬೇರೆಯೇ ಕಂಡಿತು. ಅಕ್ಕನ ಮಗಳಿಗೆ ಐದು ವರ್ಷ. ಆ ಸ್ನಾಯುವಿನ ಗುರುತಿನ ಮೇಲೆ ಅವಳ ಕೈ ಇಡಿಸಿದೆ. "ಇದರೊಳಗೆ ಇದ್ದದ್ದು ಯಾವ ಬಣ್ಣ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕದ್ಮತ್‌ನ ತಮ್ಮಾ, ಒಂದು ಕೇಳಿಕೆ. ಎಸಳು ಇರುವ ದೊಡ್ಡ ಜಾತಿ, ನಮ್ಮ ಮನೆಯದ್ದು, ಅಲ್ಲಿ ಎಲ್ಲಾದರೂ ಕಂಡರೆ ಅದರ ಬಣ್ಣ ಹೇಳುತ್ತೀರಾ? ಒಂದರ ಹಾಗೆ ಇನ್ನೊಂದು ಇರುವುದಿಲ್ಲ ಅಂತ ಗೊತ್ತು. ಆದರೂ ಒಂದರದ್ದಾದರೂ ಅವಳಿಗೆ ಹೇಳಬೇಕು.

ಉಡುಪಿಯಿಂದ ಕದ್ಮತ್‌ಗೆ

ಖಂಡಿತ ಅಕ್ಕ. ಅದು ಸ್ವಲ್ಪ ಆಳದಲ್ಲಿ ಇರುತ್ತದೆ ಅಂತ ಇಲ್ಲಿಯ ಹುಡುಗರು ಹೇಳುತ್ತಾರೆ. ಒಬ್ಬ ಜಾಗ ತೋರಿಸುತ್ತೇನೆ ಅಂದಿದ್ದಾನೆ. ನಾಳೆ ಇಳಿತ ಬೆಳಿಗ್ಗೆ ಆರೂವರೆಗೆ. ಬಿಸಿಲು ಏರುವವರೆಗೆ ಕಾದು ಇಳಿಯುತ್ತೇವೆ. ಮಗುವಿಗೆ ಹೇಳಿ.